ಕಾಯ್ತೀನಿ ಅಂದವಳು ಕಾಯಲಿಲ್ಲ: ಮಿಶೆಲ್ ಲೆಗ್ರಾಂ ಕಥೆ

ಬಸ್ಸಲ್ಲಿದ್ರೆ ಸೀಟ್ ಸಿಕ್ಕಿದೆ ಅಂದ್ಕೊತೀನಿ, ಮೆಟ್ರೋದಲ್ಲಿದ್ರೆ ನಿಂತ್ಕೊಳ್ಳೋಕಾದ್ರೂ ಜಾಗ ಸಿಕ್ಕಿದೆ ಅಂದ್ಕೊತೀನಿ. ಇವತ್ತಿನ ಎಪಿಸೋಡನ್ನ ಒಂದು ನಾಯಿಯಿಂದ ಶುರು ಮಾಡ್ತೀನಿ.

ಆ ರೀಲ್ ನಿಮಗೂ ಬಂದಿರುತ್ತೆ. ಒಂದು ಕಾರ್ಟೂನ್ ನಾಯಿ ಪಿಜ್ಜಾ ಅಂಗಡಿ ಮುಂದೆ ಕೂತಿರುತ್ತೆ. ಹೊರಗೆ ಹೋದ ಒಡೆಯ ವಾಪಸ್ ಬರಲ್ಲ. ಎಲೆ ಉದುರುತ್ತೆ, ಹಿಮ ಬೀಳುತ್ತೆ, ಮತ್ತೆ ಬಿಸಿಲು ಬರುತ್ತೆ. ನಾಯಿ ಮಾತ್ರ ಅಲ್ಲೇ. ಅದಕ್ಕೆ ವಯಸ್ಸಾಗುತ್ತೆ, ಕೊನೆಗೆ ಮೆಲ್ಲಗೆ ಕಣ್ಣು ಮುಚ್ಚುತ್ತೆ. ಹಿಂದೆ ಒಂದು ಹಳೇ ಹಾಡು. ಇದು 'ಫ್ಯೂಚರಾಮ' ಅನ್ನೋ ಅಮೆರಿಕನ್ ಕಾರ್ಟೂನ್‌ನ 2002ರ ಒಂದು ಎಪಿಸೋಡ್. ನಾನಿದನ್ನ ನೋಡಿದ್ದು ಪಿಜಿ ರೂಮಲ್ಲಿ, ರಾತ್ರಿ ಹನ್ನೆರಡೂವರೆಗೆ. ನೋಡಿ ಅತ್ತುಬಿಟ್ಟೆ. ಪಕ್ಕದ ಮಂಚದಲ್ಲಿದ್ದ ರೂಮ್‌ಮೇಟ್ ಎದ್ದು ಕೂತು, "ಏನೋ, ಮನೇಲಿ ಏನಾದ್ರೂ ಆಯ್ತಾ?" ಅಂದ. "ಇಲ್ಲ ಕಣೋ, ನಾಯಿ" ಅಂದೆ. ಅವನು ಮತ್ತೆ ಮುಸುಕು ಹಾಕ್ಕೊಂಡು ಮಲಗಿದ.

ಆ ಹಾಡಿನ ಹೆಸರು 'ಐ ವಿಲ್ ವೇಟ್ ಫಾರ್ ಯು'. ಹಾಡಿದ್ದು ಕಾನೀ ಫ್ರಾನ್ಸಿಸ್. ಸಂಗೀತ ಯಾರದ್ದು ಅಂತ ಹುಡುಕಿದೆ. ಮಿಶೆಲ್ ಲೆಗ್ರಾಂ. ಫ್ರಾನ್ಸ್‌ನವರು. ಅವರ ಹೆಸರಿನ ಕೊನೆಯಲ್ಲಿ ಒಂದು 'ಡಿ' ಅಕ್ಷರ ಇದೆ, ಆದ್ರೆ ಉಚ್ಚಾರ ಮಾಡೋದಿಲ್ಲ. 'ಲೆಗ್ರಾಂ' ಅಂದ್ರೆ ಫ್ರೆಂಚಲ್ಲಿ 'ದೊಡ್ಡವನು' ಅಂತ ಅರ್ಥ. ಹೆಸರು ಸುಳ್ಳಾಗಲಿಲ್ಲ. ಮೂರು ಆಸ್ಕರ್, ಐದು ಗ್ರ್ಯಾಮಿ, ಇನ್ನೂರಕ್ಕೂ ಹೆಚ್ಚು ಸಿನಿಮಾ, ಟಿವಿ ಕೆಲಸ. 'ಲಾ ಲಾ ಲ್ಯಾಂಡ್' ನೋಡಿದೀರಲ್ಲ? ಅದರ ನಿರ್ದೇಶಕ ಡೇಮಿಯನ್ ಶಜೆಲ್, ಲೆಗ್ರಾಂ ಸಂಗೀತ ಕೊಟ್ಟ ಒಂದು ಸಿನಿಮಾ ತನಗೆ ಎಷ್ಟು ಮುಖ್ಯ ಅಂತ ಹೋದಲ್ಲೆಲ್ಲ ಹೇಳಿದಾರೆ. ಆ ಸಿನಿಮಾಗೆ ಆಮೇಲೆ ಬರ್ತೀನಿ.

ಮೊದಲೇ ಒಂದು ಮಾತು. ಈ ಎಪಿಸೋಡಲ್ಲಿ ಒಂದೇ ಒಂದು ಹಾಡೂ ಕೇಳಿಸಲ್ಲ. ಕೇಳಿಸಿದ್ರೆ ಕಾಪಿರೈಟ್ ಸ್ಟ್ರೈಕ್ ಬರುತ್ತೆ, ಎಪಿಸೋಡೇ ಹೋಗುತ್ತೆ. ಸಂಗೀತದ ಬಗ್ಗೆ ಎಪಿಸೋಡ್ ಮಾಡಿ ಸಂಗೀತ ಹಾಕಲ್ಲ ಅನ್ನೋದು ಊಟದ ಫೋಟೋ ತೋರಿಸಿ ಹೊಟ್ಟೆ ತುಂಬಿಸಿದ ಹಾಗೆ, ಗೊತ್ತು. ಆದ್ರೆ ಆ ಸ್ಟ್ರೈಕ್ ಯಾಕೆ ಬರುತ್ತೆ? ಒಂದು ಟ್ಯೂನ್‌ಗೆ ಒಬ್ಬ ಯಜಮಾನ ಇರ್ತಾನೆ. ಆ ಯಜಮಾನ ಯಾರು ಅನ್ನೋ ಪ್ರಶ್ನೆಯೇ ಇವತ್ತಿನ ಕಥೆಯ ಅರ್ಧ ಭಾಗ. ನಾನು ಬಿಕಾಂ ಓದಿದವನು, ಸಂಗೀತ ಕಲಿತವನಲ್ಲ. ರಾಗ ತಾಳದ ಬಗ್ಗೆ ತಪ್ಪು ಹೇಳಿದ್ರೆ ಕಾಮೆಂಟಲ್ಲಿ ಬೈರಿ. ಲೆಕ್ಕ ತಪ್ಪಿದ್ರೆ ಮಾತ್ರ ನನಗೆ ಬೇಜಾರಾಗುತ್ತೆ.

ಸರಿ, ಪ್ಯಾರಿಸ್. 1932, ಫೆಬ್ರವರಿ 24. ಮಿಶೆಲ್ ಹುಟ್ಟಿದ್ದು ಸಂಗೀತದ ಮನೆಯಲ್ಲಿ. ಅಪ್ಪ ರೇಮಂ ಲೆಗ್ರಾಂ ಆರ್ಕೆಸ್ಟ್ರಾ ನಿರ್ದೇಶಕ. ಅಮ್ಮ ಮಾರ್ಸೆಲ್, ಅರ್ಮೇನಿಯನ್ ಮೂಲದವರು. ಒಬ್ಬಳು ಅಕ್ಕ, ಕ್ರಿಸ್ಟಿಯಾನ್. ಮಿಶೆಲ್ ಇನ್ನೂ ಪುಟ್ಟ ಮಗು ಆಗಿದ್ದಾಗಲೇ ಅಪ್ಪ ಮನೆ ಬಿಟ್ಟು ಹೋದರು. ಅಮ್ಮ ಇಡೀ ದಿನ ದುಡೀಬೇಕು. ಮನೆಯಲ್ಲಿ ಉಳಿದಿದ್ದು ಇಬ್ಬರು ಮಕ್ಕಳು ಮತ್ತೊಂದು ಹಳೇ ಪಿಯಾನೋ. ಹುಡುಗ ರೇಡಿಯೋದಲ್ಲಿ ಬರೋ ಹಾಡು ಕೇಳೋದು, ಹೋಗಿ ಪಿಯಾನೋದಲ್ಲಿ ಆ ಸ್ವರಗಳನ್ನ ಹುಡುಕೋದು. ಯಾರೂ ಹೇಳಿಕೊಟ್ಟಿಲ್ಲ. ಬಾಲ್ಯದಲ್ಲಿ ತಾನು ತುಂಬಾ ಒಂಟಿಯಾಗಿದ್ದೆ, ದೊಡ್ಡವರ ಲೋಕ ತನಗೆ ಹಿಡಿಸ್ತಿರಲಿಲ್ಲ ಅಂತ ಅವರು ಆಮೇಲೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದಾರೆ.

ಹತ್ತನೇ ವಯಸ್ಸಿಗೆ, 1942ರಲ್ಲಿ, ಪ್ಯಾರಿಸ್ ಕನ್ಸರ್ವೇಟರಿಗೆ ಸೇರಿದರು. ಆಗ ಪ್ಯಾರಿಸ್ ನಾಜಿ ಜರ್ಮನಿಯ ಕೈಯಲ್ಲಿತ್ತು. ಹೊರಗೆ ರೇಷನ್ನು, ಕರ್ಫ್ಯೂ, ಸೈನಿಕರು. ಒಳಗೆ ಮಕ್ಕಳು ಸ್ವರ ಬರೀತಾ ಕೂತಿದಾರೆ. ಒಳಗೆ ಕಾಲಿಟ್ಟ ದಿನವೇ, ತನ್ನ ಲೋಕ ಇದೇ ಅಂತ ಆ ಹುಡುಗನಿಗೆ ಅನಿಸಿತಂತೆ. ಏಳು ವರ್ಷ ಅಲ್ಲೇ ಕಲಿತರು. ಯುದ್ಧ ಮುಗಿದ ಮೇಲೆ ಅವರ ಗುರು ಆದವರು ನಾದ್ಯಾ ಬುಲಾಂಜೆ. ಈ ಹೆಸರು ನೆನಪಿಟ್ಕೊಳ್ಳಿ. ಅಮೆರಿಕದ ಆರನ್ ಕೋಪ್ಲಂಡ್, ಅರ್ಜೆಂಟೀನಾದ ಪಿಯಾಸೋಲಾ, ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ನಿರ್ಮಿಸಿದ ಕ್ವಿನ್ಸಿ ಜೋನ್ಸ್, ಇವರೆಲ್ಲ ಆ ಒಬ್ಬ ಹೆಂಗಸಿನ ಶಿಷ್ಯರು. ಭಯಂಕರ ಶಿಸ್ತಿನ ಗುರು. ಅಂಥವರ ಕೈಯಲ್ಲಿ ಪಳಗಿದ ಹುಡುಗ ಮುಂದೆ ಸಿಂಫನಿ ಬರೀತಾನೆ, ಗಂಭೀರ ಸಂಗೀತಗಾರ ಆಗ್ತಾನೆ ಅಂತ ಯಾರಾದ್ರೂ ಅಂದ್ಕೊಳ್ತಾರೆ.

ಆದ್ರೆ 1940ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಡಿಝಿ ಗಿಲೆಸ್ಪಿ ತಮ್ಮ ಜಾಜ್ ತಂಡ ಕಟ್ಕೊಂಡು ಪ್ಯಾರಿಸ್‌ಗೆ ಬಂದರು. ಆ ಕಛೇರಿ ಕೇಳಿ ಹದಿಹರೆಯದ ಮಿಶೆಲ್ ತಲೆ ಕೆಟ್ಟುಹೋಯಿತು. ಹಗಲು ಕ್ಲಾಸಿಕಲ್, ರಾತ್ರಿ ಜಾಜ್. ಇದು ಶುದ್ಧ, ಇದು ಕಲಬೆರಕೆ ಅನ್ನೋ ಗೋಡೆ ಅವರ ತಲೆಯಲ್ಲಿ ಅವತ್ತೇ ಬಿದ್ದುಹೋಯಿತು ಅನ್ಸುತ್ತೆ. ಆಮೇಲೆ ಆ ಗೋಡೆ ಏಳಲೇ ಇಲ್ಲ.

ಕಾಲೇಜ್ ಮುಗೀತು. ಈಗ ಹೊಟ್ಟೆಪಾಡು. ನಮ್ಮಲ್ಲೂ ಅದೇ ಅಲ್ವಾ, ಡಿಗ್ರಿ ಫ್ರೇಮ್ ಹಾಕಿಸೋ ಮೊದಲೇ "ಮುಂದೇನು?" ಅಂತ ಕೇಳ್ತಾರೆ. ಮಿಶೆಲ್ ಗಾಯಕರ ಹಿಂದೆ ಪಿಯಾನೋ ನುಡಿಸೋದು, ಬೇರೆಯವರ ಹಾಡಿಗೆ ವಾದ್ಯಗಳನ್ನ ಜೋಡಿಸಿ ಕೊಡೋದು, ಅಂದ್ರೆ ಅರೇಂಜರ್ ಕೆಲಸ, ಇದನ್ನೆಲ್ಲ ಹಿಡಿದರು. ಮೊರಿಸ್ ಶೆವಾಲಿಯೆ ಅನ್ನೋ ಆ ಕಾಲದ ದೊಡ್ಡ ಸ್ಟಾರ್‌ಗೆ ಸಂಗೀತ ನಿರ್ದೇಶಕ ಆದರು.

ಈಗ ಬರುತ್ತೆ ದುಡ್ಡಿನ ಕಥೆ. 1954. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ಗೆ ಪ್ಯಾರಿಸ್ ಬಗ್ಗೆ ಇರೋ ಹಾಡುಗಳ ಒಂದು ವಾದ್ಯ ಸಂಗೀತದ ಆಲ್ಬಂ ಬೇಕಿತ್ತು. ಇಪ್ಪತ್ತೆರಡು ವರ್ಷದ ಮಿಶೆಲ್‌ಗೆ ಕೆಲಸ ಕೊಟ್ಟರು. ಆಲ್ಬಂ ಹೆಸರು 'ಐ ಲವ್ ಪ್ಯಾರಿಸ್'. ಅದು ಲಕ್ಷ ಲಕ್ಷ ಪ್ರತಿ ಮಾರಾಟ ಆಯ್ತು. ಯುದ್ಧ ಮುಗಿದ ಮೇಲೆ ಪ್ಯಾರಿಸ್ ಕನಸು ಕಾಣ್ತಿದ್ದ ಅಮೆರಿಕನ್ನರ ಮನೆಮನೆಯಲ್ಲಿ ಆ ರೆಕಾರ್ಡ್. ಮಿಶೆಲ್‌ಗೆ ಸಿಕ್ಕಿದ್ದೆಷ್ಟು? ಕೆಲಸಕ್ಕೆ ಅಂತ ಮೊದಲೇ ಮಾತಾಡಿಕೊಂಡಿದ್ದ ಒಂದು ಸಣ್ಣ ಮೊತ್ತ. ಅಷ್ಟೇ. ರಾಯಲ್ಟಿ ಇಲ್ಲ. ಒಂದು ಪ್ರತಿ ಮಾರಿದ್ರೂ ಅಷ್ಟೇ, ಹತ್ತು ಲಕ್ಷ ಮಾರಿದ್ರೂ ಅಷ್ಟೇ.

ಇಲ್ಲಿ ಎರಡು ನಿಮಿಷ ನಿಲ್ಲಿಸ್ತೀನಿ. ಯಾಕಂದ್ರೆ ಇದು ನನ್ನ ಕಥೆ ಕೂಡ, ಬಹಳ ಸಣ್ಣ ಸೈಜಲ್ಲಿ. ಡಿಗ್ರಿ ಆದ ಮೇಲೆ ಸಿಎ ಮಾಡಲಿ ಅಂತ ಮನೇಲಿ ಆಸೆ. ಆರ್ಟಿಕಲ್‌ಶಿಪ್ ಅರ್ಧಕ್ಕೆ ಬಿಟ್ಟು ಮೈಕ್ ಹಿಡಿದೆ. ಮೊದಲ ವರ್ಷ ದುಡ್ಡೇ ಇಲ್ಲ. ಆಗ ಒಂದು ಕಂಪನಿಯವರು ಜಾಹೀರಾತಿಗೆ ಧ್ವನಿ ಕೊಡಿ ಅಂದ್ರು. ಮೂವತ್ತು ಸೆಕೆಂಡು. ನಾಲ್ಕು ಸಾವಿರ ರೂಪಾಯಿ. ಖುಷಿಯಾಗಿ ಹೋಗಿ ಮಾಡಿದೆ, ಅವರು ಕೊಟ್ಟ ಹಾಳೆಗೆ ಸೈನ್ ಹಾಕಿದೆ. ಅದಾದ ಮೇಲೆ ಎರಡು ವರ್ಷ ಆ ಧ್ವನಿ ಎಲ್ಲಿ ನೋಡಿದ್ರೂ ಇತ್ತು. ಯೂಟ್ಯೂಬ್‌ನಲ್ಲಿ, ಬಸ್ ಸ್ಟ್ಯಾಂಡಿನ ಟಿವಿಯಲ್ಲಿ, ಥಿಯೇಟರ್ ಇಂಟರ್ವಲ್‌ನಲ್ಲಿ. ಅಪ್ಪ ಫೋನ್ ಮಾಡಿ, "ನಿನ್ ಧ್ವನಿ ಬಂತು ಕಣೋ, ದಿನಾ ಬರುತ್ತೆ. ದಿನಾ ದುಡ್ಡು ಬರುತ್ತಾ?" ಅಂತ ಕೇಳಿದ್ರು. ನಾಲ್ಕು ವರ್ಷ ಅಕೌಂಟೆನ್ಸಿ ಓದಿದ ಮಗ ಒಪ್ಪಂದದ ಎರಡನೇ ಪುಟ ಓದಿರಲಿಲ್ಲ. ಎಲ್ಲಾ ಮಾಧ್ಯಮದಲ್ಲಿ, ಎಂದೆಂದಿಗೂ ಅಂತ ಅಲ್ಲಿ ಬರೆದಿತ್ತು. ಅಪ್ಪನಿಗೆ "ಹ್ಞೂಂ, ಸ್ವಲ್ಪ ಬರುತ್ತೆ" ಅಂದೆ. ಸುಳ್ಳು. ಇವತ್ತು ಈ ಎಪಿಸೋಡ್ ಕೇಳಿ ಅವರಿಗೆ ಗೊತ್ತಾಗುತ್ತೆ.

ಅದಕ್ಕೇ ಲೆಗ್ರಾಂ ಆ ಮೇಲೆ ಏನು ಮಾಡಿದ್ರು ಅನ್ನೋದು ನನಗೆ ಮುಖ್ಯ ಅನಿಸಿತು. ಆಲ್ಬಂ ಅಷ್ಟು ಓಡಿದ್ದಕ್ಕೆ ಕಂಪನಿಯವರಿಗೂ ಸ್ವಲ್ಪ ಮುಜುಗರ ಆಗಿತ್ತು. ನಿಮಗೇನು ಬೇಕೋ ಅಂಥ ಒಂದು ಆಲ್ಬಂ ಮಾಡಿ, ಖರ್ಚು ನಮ್ಮದು ಅಂದರು. ಲೆಗ್ರಾಂ ಕೇಳಿದ್ದು ಜಾಜ್. ನ್ಯೂಯಾರ್ಕ್‌ನಲ್ಲಿ, ತಾನು ಹೇಳೋ ಕಲಾವಿದರ ಜೊತೆ. 1958ರ ಜೂನ್‌ನಲ್ಲಿ 'ಲೆಗ್ರಾಂ ಜಾಜ್' ರೆಕಾರ್ಡ್ ಆಯ್ತು. ಅದರಲ್ಲಿ ನುಡಿಸಿದವರ ಪಟ್ಟಿ ನೋಡಿ: ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್, ಬಿಲ್ ಎವಾನ್ಸ್, ಬೆನ್ ವೆಬ್‌ಸ್ಟರ್. ಮುಂದಿನ ವರ್ಷ 'ಕೈಂಡ್ ಆಫ್ ಬ್ಲೂ' ಅನ್ನೋ ಆಲ್ಬಂ ಮಾಡಿ ಜಾಜ್ ಇತಿಹಾಸವನ್ನೇ ಬದಲಾಯಿಸಿದ ಮೂವರು ಇಲ್ಲಿ ಇಪ್ಪತ್ತಾರು ವರ್ಷದ ಒಬ್ಬ ಫ್ರೆಂಚ್ ಹುಡುಗನ ಮುಂದೆ ಕೂತಿದಾರೆ.

ಮೈಲ್ಸ್ ಡೇವಿಸ್ ಬಗ್ಗೆ ಲೆಗ್ರಾಂ ಒಂದು ಪ್ರಸಂಗ ಹೇಳ್ತಿದ್ರು. ಮೈಲ್ಸ್ ಬೇಕಂತಲೇ ತಡವಾಗಿ ಬರ್ತಾರೆ, ಬಾಗಿಲ ಹತ್ರ ನಿಂತು ಐದು ನಿಮಿಷ ಕೇಳ್ತಾರೆ, ಹಿಡಿಸಿದ್ರೆ ಒಳಗೆ ಬಂದು ನುಡಿಸ್ತಾರೆ, ಹಿಡಿಸದಿದ್ರೆ ಹಾಗೇ ತಿರುಗಿ ಹೋಗ್ತಾರೆ ಅಂತ ಎಲ್ಲರೂ ಮೊದಲೇ ಹೆದರಿಸಿದ್ರಂತೆ. ಹೇಳಿದ ಹಾಗೇ ಬಾಗಿಲು ತೆರೀತು. ಮೈಲ್ಸ್ ನಿಂತರು. ಲೆಗ್ರಾಂ ಕೈ ಆಡಿಸ್ತಾನೇ ಇದಾರೆ, ಎದೆ ಢವ ಢವ. ಐದು ನಿಮಿಷ ಆಯ್ತು. ಮೈಲ್ಸ್ ಬಂದು ಕೂತರು, ಟ್ರಂಪೆಟ್ ಎತ್ತಿದರು. ಮೊದಲ ಟೇಕ್ ಮುಗಿದ ಮೇಲೆ, ತಾನು ನುಡಿಸಿದ್ದು ಸರಿಯಿತ್ತಾ ಅಂತ ಆ ಹುಡುಗನನ್ನೇ ಕೇಳಿದ್ರಂತೆ!

ಇದನ್ನ ಕೇಳಿ, "ನೋಡಿದ್ರಾ, ದುಡ್ಡು ಕೇಳಬೇಡಿ, ಹೆಸರು ಬರುತ್ತೆ, ಮುಂದೆ ಒಳ್ಳೇದಾಗುತ್ತೆ" ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ದಯವಿಟ್ಟು ನಂಬಬೇಡಿ. ಲಕ್ಷಗಟ್ಟಲೆ ಮಾರಿದವರಿಗೆ ಮಾತ್ರ ಕಂಪನಿ ಹಾಗೆ ಕೇಳುತ್ತೆ. ಉಳಿದವರಿಗೆ ಆ ಫೋನ್ ಕಾಲ್ ಬರಲ್ಲ, ನನಗೂ ಬಂದಿಲ್ಲ. ಅದಕ್ಕೇ ಕಾನೂನು ಬೇಕು. ನಮ್ಮ ದೇಶದಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದರು. ಸಿನಿಮಾ ಹಾಡು ಥಿಯೇಟರ್ ಆಚೆ, ಅಂದ್ರೆ ರೇಡಿಯೋ, ಟಿವಿ, ಸ್ಟ್ರೀಮಿಂಗ್‌ನಲ್ಲಿ ಬಳಕೆ ಆದಾಗ ಬರೋ ರಾಯಲ್ಟಿಯಲ್ಲಿ ಹಾಡು ಬರೆದವರಿಗೆ, ಟ್ಯೂನ್ ಹಾಕಿದವರಿಗೆ ಪಾಲು ಇದೆ, ಆ ಹಕ್ಕನ್ನ ನಿರ್ಮಾಪಕರಿಗೆ ಬಿಟ್ಟುಕೊಡ್ತೀನಿ ಅಂತ ಸೈನ್ ಹಾಕಿಸಿಕೊಳ್ಳೋ ಹಾಗಿಲ್ಲ ಅಂತ ಅದು ಹೇಳುತ್ತೆ. ನಿಮ್ಮಲ್ಲಿ ಯಾರಾದ್ರೂ ಹಾಡು ಮಾಡ್ತಿದ್ರೆ, ಎರಡನೇ ಪುಟ ಓದಿ. ಲೆಗ್ರಾಂ ಲೆಕ್ಕದಲ್ಲಿ ನನಗೆ ಇಷ್ಟ ಆದದ್ದು ಬೇರೆ. ಅವಕಾಶ ಬಂದಾಗ ಅವರು ಇನ್ನೊಂದು 'ಐ ಲವ್ ಪ್ಯಾರಿಸ್' ಮಾಡಲಿಲ್ಲ. ಮಾರಾಟ ಕಡಿಮೆ ಆಗೋದನ್ನೇ ಕೇಳಿದರು, ಯಾಕಂದ್ರೆ ಅದು ಅವರಿಗೆ ಬೇಕಿತ್ತು.

ನಡುವೆ ಒಂದು ತಮಾಷೆ. 1956ರಲ್ಲಿ ರಾಕ್ ಆ್ಯಂಡ್ ರೋಲ್ ಅಮೆರಿಕದಲ್ಲಿ ಹುಚ್ಚೆಬ್ಬಿಸಿತ್ತು. ಲೆಗ್ರಾಂ, ಲೇಖಕ ಬೊರಿಸ್ ವಿಯಾಂ, ಗಾಯಕ ಆಂರಿ ಸಾಲ್ವಾದೋರ್ ಮೂವರೂ ಸೇರಿ, ಗೇಲಿ ಮಾಡೋಣ ಅಂತ ಫ್ರೆಂಚಲ್ಲಿ ರಾಕ್ ಹಾಡು ಮಾಡಿದರು. ಸ್ವಂತ ಹೆಸರು ಹಾಕಲಿಲ್ಲ. ಗಾಯಕನ ಹೆಸರು 'ಹೆನ್ರಿ ಕಾರ್ಡಿಂಗ್'. ಬೇಗ ಬೇಗ ಹೇಳಿ ನೋಡಿ, 'ರೆಕಾರ್ಡಿಂಗ್' ಅಂತ ಕೇಳಿಸುತ್ತೆ. ಲೆಗ್ರಾಂ ಹೆಸರು 'ಮಿಗ್ ಬೈಕ್'. ಫ್ರೆಂಚ್ ರಾಕ್‌ನ ಇತಿಹಾಸ ಶುರುವಾಗೋದೇ ಈ ಗೇಲಿಯಿಂದ. ಇವತ್ತಿನ ಮೀಮ್ ಪೇಜ್ ಅಡ್ಮಿನ್‌ಗಳು ಸಮಾಧಾನ ಪಟ್ಕೊಬಹುದು.

ಈಗ ಸಿನಿಮಾ. 1960ರ ಹೊತ್ತಿಗೆ ಫ್ರಾನ್ಸ್‌ನಲ್ಲಿ ಹೊಸ ಹುಡುಗರು ಕ್ಯಾಮೆರಾ ಹಿಡ್ಕೊಂಡು ಬೀದಿಗೆ ಇಳಿದಿದ್ರು. ನ್ಯೂ ವೇವ್ ಅಂತೀವಲ್ಲ, ಅದು. ಗೊದಾರ್, ಆನ್ಯೆಸ್ ವಾರ್ದಾ, ಜಾಕ್ ದೆಮಿ. ಮೂವರಿಗೂ ಲೆಗ್ರಾಂ ಸಂಗೀತ ಕೊಟ್ಟರು. ವಾರ್ದಾ ಅವರ 1962ರ 'ಕ್ಲಿಯೋ ಫ್ರಮ್ 5 ಟು 7' ಸಿನಿಮಾದಲ್ಲಿ ನಟಿಸಿದಾರೆ ಕೂಡ. ನಾಯಕಿ ಮನೆಗೆ ಬಂದು ಪಿಯಾನೋ ಮುಂದೆ ಕೂತು ತರಲೆ ಮಾಡೋ ಬಾಬ್ ಅನ್ನೋನು ಇವರೇ. ಆದ್ರೆ ಜೀವದ ಗೆಳೆಯ ಆಗಿದ್ದು ಜಾಕ್ ದೆಮಿ. 1961ರ 'ಲೋಲಾ'ದಿಂದ ಶುರುವಾದ ಜೋಡಿ.

ಈ ಇಬ್ಬರಿಗೂ ಒಂದು ವಿಚಿತ್ರ ಐಡಿಯಾ ಬಂತು. ಪೂರ್ತಿ ಸಿನಿಮಾ ಹಾಡಲ್ಲೇ ಇರಬೇಕು. ನಡುನಡುವೆ ಹಾಡು ಬರೋದಲ್ಲ, ಅದು ನಮಗೆ ಮಾಮೂಲು. ಒಂದೇ ಒಂದು ಸಾಲನ್ನೂ ಮಾತಾಡಬಾರದು. "ಕಾರ್ ರೆಡಿ ಆಯ್ತಾ?" ಅನ್ನೋದೂ ಹಾಡು, "ಊಟ ಆಯ್ತಾ?" ಅನ್ನೋದೂ ಹಾಡು. ಹಾಗಂತ ಒಪೆರಾ ಥರ ಗಂಟಲು ಬಿಚ್ಚಿ ಕಿರುಚೋದಲ್ಲ, ಮಾತಾಡೋ ವೇಗದಲ್ಲೇ, ಸಹಜವಾಗಿ. ನಿರ್ಮಾಪಕರ ಹತ್ರ ಹೋದರು. ಎಲ್ಲಾ ಕಡೆ ಬಾಗಿಲು ಹಾಕಿದ್ರು. ಒಂದೂವರೆ ಗಂಟೆ ಜನ ಇದನ್ನ ಯಾಕೆ ಕೇಳ್ತಾರೆ? ಕೊನೆಗೆ ಮ್ಯಾಗ್ ಬೊದಾರ್ ಅನ್ನೋ ನಿರ್ಮಾಪಕಿ ಧೈರ್ಯ ಮಾಡಿದರು. 1964ರಲ್ಲಿ 'ದಿ ಅಂಬ್ರೆಲಾಸ್ ಆಫ್ ಶೆರ್ಬೂರ್' ತೆರೆಗೆ ಬಂತು. ಶೆರ್ಬೂರ್ ಅಂದ್ರೆ ಫ್ರಾನ್ಸ್‌ನ ಒಂದು ಬಂದರು ಊರು. ಸದಾ ಮಳೆ, ಅದಕ್ಕೇ ಕೊಡೆ.

ಮಾಡಿದ ರೀತಿ ನಮ್ಮವರಿಗೆ ಚೆನ್ನಾಗಿ ಅರ್ಥ ಆಗುತ್ತೆ. ಮೊದಲು ಇಡೀ ಸಿನಿಮಾದ ಸಂಗೀತ, ಎಲ್ಲಾ ಪಾತ್ರಗಳ ಗಾಯನ ರೆಕಾರ್ಡ್ ಮಾಡಿಬಿಟ್ಟರು. ಆಮೇಲೆ ನಟರು ಅದಕ್ಕೆ ತುಟಿ ಆಡಿಸಿದರು. ನಮ್ಮ ಪ್ಲೇಬ್ಯಾಕ್ ಥರಾನೇ, ಆದ್ರೆ ಇಡೀ ಸಿನಿಮಾಗೆ. ನಾಯಕಿ ಕ್ಯಾಥರೀನ್ ದೆನವ್, ಧ್ವನಿ ದಾನಿಯೆಲ್ ಲಿಕಾರಿಯದ್ದು. ನಾಯಕಿಯ ಅಮ್ಮನ ಪಾತ್ರಕ್ಕೆ ಹಾಡಿದ್ದು ಯಾರು ಗೊತ್ತಾ? ಮಿಶೆಲ್ ಅಕ್ಕ, ಕ್ರಿಸ್ಟಿಯಾನ್. ಆ ಹಳೇ ಪಿಯಾನೋ ಇದ್ದ ಮನೆಯ ಇನ್ನೊಂದು ಮಗು. ಮೊದಲ ದೃಶ್ಯ ಒಂದು ಗ್ಯಾರೇಜು. ಅಲ್ಲಿ ಒಬ್ಬ ಮೆಕ್ಯಾನಿಕ್, ನನಗೆ ಒಪೆರಾ ಆಗಲ್ಲ, ಸಿನಿಮಾನೇ ಇಷ್ಟ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಅದನ್ನೂ ಹಾಡಿಯೇ ಹೇಳ್ತಾನೆ!

ಈಗ ಕಥೆ ಪೂರ್ತಿ ಹೇಳ್ತೀನಿ. ಸಿನಿಮಾ ಬಂದು ಅರವತ್ತು ವರ್ಷ ಆಗಿದೆ, ಆದ್ರೂ ಸ್ಪಾಯ್ಲರ್ ಬೇಡ ಅನ್ನೋರು ಎರಡು ನಿಮಿಷ ಮುಂದೆ ಓಡಿಸಿ.

ಜೆನೆವಿಯೆವ್ ಅಂತ ಹುಡುಗಿ. ಅಮ್ಮಂದು ಕೊಡೆ ಅಂಗಡಿ, ಮೈತುಂಬ ಸಾಲ. ಗೀ ಅಂತ ಹುಡುಗ, ಗ್ಯಾರೇಜಲ್ಲಿ ಮೆಕ್ಯಾನಿಕ್. ಇಬ್ಬರಿಗೂ ಪ್ರೀತಿ. 1957ರ ಕೊನೆ. ಫ್ರಾನ್ಸ್ ಆಗ ಅಲ್ಜೀರಿಯಾದಲ್ಲಿ ಯುದ್ಧ ಮಾಡ್ತಿತ್ತು. ಗೀಗೆ ಸೈನ್ಯದಿಂದ ಕರೆ ಬರುತ್ತೆ. ರೈಲ್ವೆ ಸ್ಟೇಷನ್‌ನಲ್ಲಿ ಬೀಳ್ಕೊಡುಗೆ. ಆಗ ಬರೋದೇ ಆ ಟ್ಯೂನು, ನಾಯಿ ರೀಲಿನ ಟ್ಯೂನು. ಕಾಯ್ತೀನಿ ಅಂತ ಹುಡುಗಿ ಹೇಳ್ತಾಳೆ. ರೈಲು ಹೋಗುತ್ತೆ. ಅವಳು ಗರ್ಭಿಣಿ. ಪತ್ರಗಳು ಕಡಿಮೆ ಆಗುತ್ತವೆ. ಸಾಲಗಾರರು ಬಾಗಿಲು ತಟ್ಟುತ್ತಾರೆ. ರೋಲಾಂ ಅನ್ನೋ ವಜ್ರದ ವ್ಯಾಪಾರಿ ಬರ್ತಾನೆ. ಒಳ್ಳೆಯವನು, ಮಗು ಬಗ್ಗೆ ಗೊತ್ತಾದ್ರೂ ಮದುವೆ ಆಗ್ತೀನಿ ಅಂತಾನೆ. ಅವಳು ಒಪ್ತಾಳೆ. ಗೀ ಕಾಲಿಗೆ ಪೆಟ್ಟು ಮಾಡ್ಕೊಂಡು ವಾಪಸ್ ಬಂದಾಗ ಕೊಡೆ ಅಂಗಡಿಯೇ ಇಲ್ಲ. ಸ್ವಲ್ಪ ದಿನ ಹಾಳಾಗಿ ತಿರುಗ್ತಾನೆ, ಆಮೇಲೆ ಮಾದ್ಲೆನ್ ಅನ್ನೋ ಶಾಂತ ಹುಡುಗಿಯನ್ನ ಮದುವೆ ಆಗ್ತಾನೆ, ಪೆಟ್ರೋಲ್ ಬಂಕ್ ಹಾಕ್ತಾನೆ. 1963ರ ಡಿಸೆಂಬರ್, ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಿಮ ಬೀಳ್ತಿದೆ. ಒಂದು ದೊಡ್ಡ ಕಾರು ಪೆಟ್ರೋಲಿಗೆ ನಿಲ್ಲುತ್ತೆ. ಒಳಗೆ ಜೆನೆವಿಯೆವ್, ಪಕ್ಕದಲ್ಲಿ ಪುಟ್ಟ ಹುಡುಗಿ. ಅವನದೇ ಮಗಳು. ನೋಡ್ತೀಯಾ ಅಂತ ಕೇಳ್ತಾಳೆ. ಬೇಡ ಅಂತಾನೆ. ಚೆನ್ನಾಗಿದೀಯಾ ಅಂತಾಳೆ. ಚೆನ್ನಾಗಿದೀನಿ ಅಂತಾನೆ. ಕಾರು ಹೋಗುತ್ತೆ. ಹೆಂಡತಿ, ಮಗ ಮನೆಗೆ ಬರ್ತಾರೆ, ಗೀ ಮಗನ ಜೊತೆ ಹಿಮದಲ್ಲಿ ಆಟ ಆಡ್ತಾನೆ. ಅದೇ ಟ್ಯೂನು ಈಗ ಪೂರ್ತಿ ಆರ್ಕೆಸ್ಟ್ರಾದಲ್ಲಿ, ಗುಂಪು ಗಾಯನದ ಜೊತೆ, ಕಿವಿ ತುಂಬಾ. ಸಿನಿಮಾ ಮುಗೀತು.

ಇಲ್ಲಿ ಯಾರೂ ಕೆಟ್ಟವರಿಲ್ಲ. ಅಮ್ಮ ಕೆಟ್ಟವಳಲ್ಲ, ವಜ್ರದ ವ್ಯಾಪಾರಿ ಕೆಟ್ಟವನಲ್ಲ, ಕಾಯದೇ ಇದ್ದವಳೂ ಕೆಟ್ಟವಳಲ್ಲ. ಇದ್ದಿದ್ದು ಒಂದು ಯುದ್ಧ, ಒಂದು ಸಾಲದ ಲೆಕ್ಕ. ಪ್ರೀತಿಗೆ ವಿಲನ್ ಬೇಕೇ ಬೇಕು ಅನ್ನೋ ಅಭ್ಯಾಸದಲ್ಲಿ ಬೆಳೆದ ನನಗೆ ಇದು ಕಪಾಳಕ್ಕೆ ಹೊಡೆದ ಹಾಗೆ ಆಯ್ತು. ನನ್ನ ಕ್ಲಾಸ್‌ಮೇಟ್ ಒಬ್ಬಳು ಐದು ವರ್ಷದ ಪ್ರೀತಿ ಬಿಟ್ಟು ಮನೆಯವರು ನೋಡಿದ ಹುಡುಗನನ್ನ ಮದುವೆ ಆದಾಗ ನಾವೆಲ್ಲ ಹಾಸ್ಟೆಲಲ್ಲಿ ಕೂತು ಅವಳನ್ನ ಬೈದಿದ್ವಿ. ಅವಳ ಮನೆಯ ಸಾಲದ ವಿಷಯ ನಮಗೆ ಗೊತ್ತೇ ಇರಲಿಲ್ಲ. ಕೇಳಿರಲೂ ಇಲ್ಲ. ಈ ಸಿನಿಮಾ ನೋಡಿದ ದಿನ ಅವಳಿಗೆ ಒಂದು ಮೆಸೇಜ್ ಹಾಕಿದೆ, ಹೇಗಿದೀಯಾ ಅಂತ. ಚೆನ್ನಾಗಿದೀನಿ ಅಂದಳು.

ಲೆಗ್ರಾಂ ಸಂಗೀತ ತುಂಬಾ ಸಿಹಿ, ಜಾಸ್ತಿ ಸಕ್ಕರೆ ಅಂತ ಟೀಕೆ ಮಾಡೋರು ಅವತ್ತೂ ಇದ್ರು, ಇವತ್ತೂ ಇದಾರೆ. ಆದ್ರೆ ಆ ಸಿಹಿಯ ಕೆಳಗೆ ಏನಿದೆ ನೋಡಿ. ಅಲ್ಜೀರಿಯಾ ಯುದ್ಧ ಮುಗಿದಿದ್ದು 1962ರಲ್ಲಿ. ಅದರ ಬಗ್ಗೆ ಸಿನಿಮಾ ಮಾಡೋದು ಸುಲಭ ಇರಲಿಲ್ಲ. ಗೊದಾರ್ 1960ರಲ್ಲಿ ಮಾಡಿದ 'ದಿ ಲಿಟ್ಲ್ ಸೋಲ್ಜರ್' ಮೂರು ವರ್ಷ ನಿಷೇಧದಲ್ಲಿತ್ತು. ದೆಮಿ ಮತ್ತು ಲೆಗ್ರಾಂ ಅದೇ ಯುದ್ಧವನ್ನ ಗುಲಾಬಿ ಬಣ್ಣದ ಗೋಡೆ, ಕೊಡೆ, ಹಾಡುಗಳ ನಡುವೆ ಇಟ್ಟು ದಾಟಿಸಿದರು. ಟ್ಯೂನ್ ಕೂಡ ಹಾಗೇ. ಗಮನಿಸಿ ಕೇಳಿ, ಅದು ಒಂದು ಸಣ್ಣ ಸಾಲು ಅಷ್ಟೇ. ಅದೇ ಸಾಲು ಸ್ವಲ್ಪ ಜಾಗ ಬದಲಾಯಿಸಿ ಮತ್ತೆ ಬರುತ್ತೆ, ಮತ್ತೆ ಬರುತ್ತೆ. ಒಂದೇ ಮಾತನ್ನ ಮತ್ತೆ ಮತ್ತೆ ಹೇಳಿ ತನಗೆ ತಾನೇ ಧೈರ್ಯ ಹೇಳ್ಕೊಳ್ತಿರೋರ ಹಾಗೆ.

ಆ ಸಿನಿಮಾಗೆ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಬಂತು. 1967ರಲ್ಲಿ ಅದೇ ಜೋಡಿ 'ದಿ ಯಂಗ್ ಗರ್ಲ್ಸ್ ಆಫ್ ರೋಶ್‌ಫೋರ್' ಮಾಡಿತು. ಬಿಸಿಲು, ಕುಣಿತ, ಹಾಲಿವುಡ್‌ನ ಜೀನ್ ಕೆಲಿ. ಅವಳಿ ಸಹೋದರಿಯರಾಗಿ ದೆನವ್ ಮತ್ತು ಅವರ ಸ್ವಂತ ಅಕ್ಕ ಫ್ರಾನ್ಸ್ವಾಸ್ ದೋರ್ಲೆಯಾಕ್. ಸಿನಿಮಾ ಬಂದ ಕೆಲವೇ ತಿಂಗಳಿಗೆ, ಅದೇ ವರ್ಷದ ಜೂನ್‌ನಲ್ಲಿ, ದೋರ್ಲೆಯಾಕ್ ಕಾರು ಅಪಘಾತದಲ್ಲಿ ತೀರಿಹೋದರು. ವಯಸ್ಸು 25. ಇದು ಗೊತ್ತಾದ ಮೇಲೆ ಆ ಅಕ್ಕತಂಗಿ ಜೊತೆಯಾಗಿ ಹಾಡೋ ಹಾಡು ಮೊದಲಿನ ಹಾಗೆ ಕೇಳಿಸಲ್ಲ.

ಅಷ್ಟರಲ್ಲಿ ಹಾಲಿವುಡ್ ಕರೆಯಿತು. ನಿರ್ದೇಶಕ ನಾರ್ಮನ್ ಜುವಿಸನ್, ಸಿನಿಮಾ 'ದಿ ಥಾಮಸ್ ಕ್ರೌನ್ ಅಫೇರ್', ಹೀರೋ ಸ್ಟೀವ್ ಮೆಕ್ವೀನ್. ಲೆಗ್ರಾಂಗೆ ತೋರಿಸಿದ್ದು ಐದು ಗಂಟೆಯ ಕಚ್ಚಾ ಪ್ರತಿ. ಎಲ್ಲಿ ಕತ್ತರಿಸೋದು ಅಂತ ಯಾರಿಗೂ ತೋಚ್ತಿರಲಿಲ್ಲ. ಲೆಗ್ರಾಂ ಒಂದು ತಲೆಕೆಳಗಾದ ಪ್ಲಾನ್ ಹೇಳಿದರು. ನೀವು ಆರು ವಾರ ರಜಾ ತಗೊಳ್ಳಿ, ನಾನು ಸಿನಿಮಾ ಮತ್ತೆ ನೋಡದೇ ಒಂದೂವರೆ ಗಂಟೆ ಸಂಗೀತ ಬರೀತೀನಿ, ಆಮೇಲೆ ಸಂಗೀತಕ್ಕೆ ತಕ್ಕ ಹಾಗೆ ಸಿನಿಮಾ ಕತ್ತರಿಸೋಣ. ಸರಿಹೋಗಲಿಲ್ಲ ಅಂದ್ರೆ ಇನ್ನೊಂದು ಸಲ ಬಿಟ್ಟಿ ಬರೆದುಕೊಡ್ತೀನಿ. ಇದು ಅವರೇ ಹೇಳ್ತಿದ್ದ ಕಥೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಪೂರ್ತಿ ರಿಸ್ಕ್ ತನ್ನ ಮೇಲೆ ಹಾಕ್ಕೊಂಡು ಪೂರ್ತಿ ಸ್ವಾತಂತ್ರ್ಯ ತಗೊಂಡರು. 1954ರ ಹುಡುಗ ಈಗ ಒಪ್ಪಂದದ ಷರತ್ತು ತಾನೇ ಬರೀತಿದಾನೆ.

ಸಿನಿಮಾದಲ್ಲಿ ಹೀರೋ ಗ್ಲೈಡರ್ ಅನ್ನೋ ಎಂಜಿನ್ ಇಲ್ಲದ ವಿಮಾನದಲ್ಲಿ ಆಕಾಶದಲ್ಲಿ ಸುಮ್ಮನೆ ಸುತ್ತೋ ದೃಶ್ಯ ಇದೆ. ಅದಕ್ಕೆ ಹುಟ್ಟಿದ್ದು 'ದಿ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್'. ಸಾಹಿತ್ಯ ಅಲನ್ ಮತ್ತು ಮೆರಿಲಿನ್ ಬರ್ಗ್‌ಮನ್ ದಂಪತಿಯದ್ದು, ಹಾಡಿದ್ದು ನೋಯೆಲ್ ಹ್ಯಾರಿಸನ್. ಗಾಣ ತಿರುಗಿದ ಹಾಗೆ ತಿರುಗಿ ತಿರುಗಿ ಅಲ್ಲಿಗೇ ಬರೋ ಟ್ಯೂನು. ರಾತ್ರಿ ಎರಡು ಗಂಟೆಗೆ ನಿದ್ದೆ ಬರದೇ ತಲೆ ಓಡುತ್ತಲ್ಲ, ಅದಕ್ಕೆ ಸಂಗೀತ ಹಾಕಿದ್ರೆ ಹೀಗೇ ಇರುತ್ತೆ. 1969ರಲ್ಲಿ ಅದಕ್ಕೆ ಆಸ್ಕರ್. 1972ರಲ್ಲಿ 'ಸಮ್ಮರ್ ಆಫ್ 42' ಚಿತ್ರಕ್ಕೆ ಎರಡನೇದು. 1984ರಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ನಿರ್ದೇಶಿಸಿ ನಟಿಸಿದ 'ಯೆಂಟಲ್'ಗೆ ಮೂರನೇದು. ಓದೋಕೆ ಹುಡುಗನ ವೇಷ ಹಾಕೋ ಯಹೂದಿ ಹುಡುಗಿಯ ಕಥೆ ಅದು.

ಕೊನೇತನಕ ಕೆಲಸ ನಿಲ್ಲಿಸಲಿಲ್ಲ. ಆರ್ಸನ್ ವೆಲ್ಸ್ 1970ರ ದಶಕದಲ್ಲಿ ಶೂಟ್ ಮಾಡಿ ಮುಗಿಸೋಕೆ ಆಗದೇ ಉಳಿದಿದ್ದ 'ದಿ ಅದರ್ ಸೈಡ್ ಆಫ್ ದಿ ವಿಂಡ್' ಚಿತ್ರವನ್ನ 2018ರಲ್ಲಿ ನೆಟ್‌ಫ್ಲಿಕ್ಸ್ ಪೂರ್ತಿ ಮಾಡಿಸಿತು. ವೆಲ್ಸ್ ತೀರಿಹೋಗಿ ಆಗಲೇ ಮೂವತ್ತಮೂರು ವರ್ಷ. ಅದಕ್ಕೆ ಸಂಗೀತ ಕೊಟ್ಟಿದ್ದು ಎಂಬತ್ತಾರರ ಲೆಗ್ರಾಂ. ಮುಂದಿನ ವರ್ಷ, 2019ರ ಜನವರಿ 26ರಂದು, ಅವರು ತೀರಿಕೊಂಡರು.

ಕೊನೆಯದಾಗಿ ಒಂದು ವಿಷಯ, ಇದನ್ನ ಬೇಕಂತಲೇ ಉಳಿಸಿಕೊಂಡಿದ್ದೆ. 1964. ಅಂಬ್ರೆಲಾ ಸಿನಿಮಾ ಬಂದ ಅದೇ ವರ್ಷ. ಬ್ರೆಜಿಲ್‌ನಲ್ಲಿ ಒಂದು ಚಿತ್ರೋತ್ಸವ. ಅಲ್ಲಿ ಲೆಗ್ರಾಂಗೆ ಮಾಶಾ ಮೆರಿಲ್ ಅನ್ನೋ ನಟಿಯ ಪರಿಚಯ ಆಗುತ್ತೆ. ಇಬ್ಬರಿಗೂ ಪ್ರೀತಿ. ಆದ್ರೆ ಇಬ್ಬರ ಬದುಕಲ್ಲೂ ಬೇರೆಯವರಿದ್ರು. ಏನೂ ಆಗದೇ ತಮ್ಮ ತಮ್ಮ ದಾರಿ ಹಿಡಿದರು. ಬೇರೆ ಬೇರೆ ಮದುವೆ, ಕೆಲಸ. ಸುಮಾರು ಐವತ್ತು ವರ್ಷ ಆದ ಮೇಲೆ ಮತ್ತೆ ಸಿಕ್ಕರು. 2014ರಲ್ಲಿ ಮದುವೆ ಆದರು. ಅವರಿಗೆ ಆಗ 82, ಆಕೆಗೆ 74.

ಪೆಟ್ರೋಲ್ ಬಂಕ್ ದೃಶ್ಯಕ್ಕೆ ಸಂಗೀತ ಬರೆದವರ ಬದುಕಲ್ಲಿ ಆ ಕಾರು ತಿರುಗಿ ಬಂತು. ಇದರಿಂದ ಏನಾದ್ರೂ ಪಾಠ ಕಲೀಬೇಕಾ? ಕಾದ್ರೆ ಎಲ್ಲಾ ಸಿಗುತ್ತೆ ಅಂತ ನಾನು ಹೇಳಲ್ಲ. ಇವರಿಬ್ಬರೂ ಕಾದಿರಲಿಲ್ಲ, ಬದುಕ್ತಾ ಇದ್ರು ಅಷ್ಟೇ. ನಾಯಿ ಕಾದಿತ್ತು, ಅದಕ್ಕೆ ಯಾರೂ ಬರಲಿಲ್ಲ. ಕಾಯ್ತೀನಿ ಅಂದವಳು ಕಾಯಲಿಲ್ಲ, ಅವಳ ಬದುಕೂ ನಡೀತು. ಒಂದೇ ಟ್ಯೂನು ಇದೆಲ್ಲಕ್ಕೂ ಹೊಂದುತ್ತೆ.

ಈ ವಾರಾಂತ್ಯ ಮಳೆ ಬಂದ್ರೆ, ಬೆಂಗಳೂರಲ್ಲಿ ಬಂದೇ ಬರುತ್ತೆ, ಆ ಸಿನಿಮಾ ಹುಡುಕಿ ನೋಡಿ. ನಾನು ಕೇಳಿಸೋಕೆ ಆಗದ ಹಾಡನ್ನ ಅಲ್ಲಿ ಕೇಳಿ. ಕೇಳಿದಾಗಲೆಲ್ಲ ಅದರಲ್ಲಿ ಒಂದು ಪಾಲು ಟ್ಯೂನ್ ಹಾಕಿದವರ ಮನೆಗೆ ಹೋಗಬೇಕು ಅನ್ನೋದು ನೆನಪಿರಲಿ.

ಮತ್ತೆ ಅಪ್ಪಾ, ನೀವು ಕೇಳ್ತಿದ್ರೆ: ಆ ಜಾಹೀರಾತಿಗೆ ದಿನಾ ದುಡ್ಡು ಬರಲ್ಲ. ಒಂದೇ ಸಲ ಬಂದಿದ್ದು, ನಾಲ್ಕು ಸಾವಿರ. ರಾತ್ರಿ ಫೋನ್ ಮಾಡ್ತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.